ನಾಯಿಯ ಮೈಮೇಲೆ ಹೊಟ್ಟು: ಶಾಂಪೂಗಿಂತ ಮೊದಲು ಬಾಚಣಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಆಗ ಕರಿ ನಾಯಿಯ ಬೆನ್ನ ಮೇಲೆ, ಬಾಲದ ಬುಡದಲ್ಲಿ ಬಿಳಿ ಹೊಟ್ಟು ಎದ್ದು ಕಾಣುತ್ತದೆ. ಹಾಗಂತ ಎಲ್ಲ ಹೊಟ್ಟೂ ಬಿಸಿಲಿನದಲ್ಲ. ಶಾಂಪೂ ತರುವ ಮೊದಲು ಸಣ್ಣ ಹಲ್ಲಿನ ಬಾಚಣಿಗೆ, ಒಂದು ಕರಿ ಹಾಳೆ ತೆಗೆದುಕೊಳ್ಳಿ.

ನಾಯಿಯನ್ನು ಹಾಳೆಯ ಮೇಲೆ ನಿಲ್ಲಿಸಿ, ಬಾಲದಿಂದ ಕುತ್ತಿಗೆಯ ಕಡೆಗೆ ಕೂದಲಿಗೆ ಎದುರಾಗಿ ಬಾಚಿ. ಉದುರಿದ ಪುಡಿಯನ್ನು ಬೆಳಕಿನಲ್ಲಿ ಎರಡು ನಿಮಿಷ ಕಣ್ಣಿಟ್ಟು ನೋಡಿ. ಪುಡಿಯೇ ಮೆಲ್ಲಗೆ ಹರಿದಾಡಿದರೆ ಅದು ಚೆಯ್ಲೆಟಿಯೆಲ್ಲಾ ಎಂಬ ನುಸಿ. ಮನೆಮಂದಿಗೂ ತುರಿಕೆ ಹತ್ತಿಸುತ್ತದೆ. ಬಾಚಣಿಗೆಗೆ ಸಿಕ್ಕ ಕರಿ ಕಾಳನ್ನು ಒದ್ದೆ ಹತ್ತಿಯ ಮೇಲಿಡಿ, ಸುತ್ತ ಕೆಂಪು ಹರಡಿದರೆ ಚಿಗಟದ ಹಿಕ್ಕೆ. ಜಿಡ್ಡು, ಕೆಟ್ಟ ವಾಸನೆ ಇದ್ದರೆ ಯೀಸ್ಟ್ ಎಂಬ ಶಿಲೀಂಧ್ರದ ಸೋಂಕು ಇರಬಹುದು. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಇರಬಹುದು. ಇವಕ್ಕೆಲ್ಲ ಪಶುವೈದ್ಯರೇ ಬೇಕು. ಕಡಿಮೆ ತಿಂದರೂ ದಪ್ಪಗಾಗಿ, ಸದಾ ಮಲಗಿರುವ ನಡುವಯಸ್ಸಿನ ನಾಯಿಗೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.

ಇವ್ಯಾವುದೂ ಇಲ್ಲ, ತುರಿಕೆಯೂ ಇಲ್ಲ ಎಂದಾದರೆ ಮನೆಯಲ್ಲೇ ನೋಡಿಕೊಳ್ಳಬಹುದು. ತಪ್ಪು ಹೆಚ್ಚಾಗಿ ಸ್ನಾನದಲ್ಲೇ ಆಗುತ್ತದೆ. ವಾರವಾರ ಮೈ ತೊಳೆದರೆ ಚರ್ಮದ ಎಣ್ಣೆಯೆಲ್ಲ ಹೋಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ನಮ್ಮ ಚರ್ಮ ಆಮ್ಲೀಯ, ನಾಯಿಯದು ಹೆಚ್ಚುಕಡಿಮೆ ತಟಸ್ಥ. ಹಾಗಾಗಿ ನಮ್ಮ ತಲೆಹೊಟ್ಟಿನ ಶಾಂಪೂ ಅದಕ್ಕೆ ಹೊಂದುವುದಿಲ್ಲ. ಓಟ್ಸ್ ಇರುವ ನಾಯಿ ಶಾಂಪೂ ತನ್ನಿ.

ಬೇಸಿಗೆಯ ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರು ಕೈ ಸುಡುತ್ತದೆ. ಬೆಳಗ್ಗೆಯೇ ಬಕೆಟ್ ತುಂಬಿಡಿ. ಒಣ ಮೈಯನ್ನು ಮೊದಲು ಬಾಚಿ, ಆಮೇಲೆ ನೆನೆಸಿ. ಶಾಂಪೂವನ್ನು ಒಂದು ಚೊಂಬು ನೀರಿನಲ್ಲಿ ಕದಡಿ ಹಚ್ಚಿ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ತೊಳೆಯುವಾಗ ಅವಸರ ಬೇಡ. ಬೋರ್‌ವೆಲ್ಲಿನ ಗಡುಸು ನೀರಿನಲ್ಲಿ ನೊರೆ ಸರಿಯಾಗಿ ಹೋಗದೆ ಬುಡದಲ್ಲಿ ಉಳಿದು ಒಣಗುತ್ತದೆ, ಮರುದಿನ ಅದೇ ಹೊಟ್ಟಿನಂತೆ ಕಾಣುತ್ತದೆ! ನಲ್ಲಿ ನೀರು ಬರುವ ದಿನ ನೋಡಿ ಸ್ನಾನ ಇಟ್ಟುಕೊಳ್ಳಿ. ಕೂದಲನ್ನು ಬೆರಳಲ್ಲಿ ಉಜ್ಜಿದರೆ ಜಾರಬಾರದು, ಅಲ್ಲಿಯವರೆಗೆ ತೊಳೆಯಿರಿ. ನೆರಳಲ್ಲಿ ಒರೆಸಿ ಒಣಗಿಸಿ.

ಇನ್ನು ಊಟ. ಬರೀ ರೊಟ್ಟಿ-ಹಾಲು, ಅನ್ನ-ಮೊಸರಿನ ಮೇಲೆ ಬೆಳೆದ ನಾಯಿಗೆ ಪ್ರೋಟೀನೂ ಕೊಬ್ಬೂ ಸಾಲುವುದಿಲ್ಲ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಸೇರಿಸಿ. ಲಿನೋಲೆಯಿಕ್ ಆಮ್ಲ ಎಂಬ ಕೊಬ್ಬಿನಂಶ ಕಡಿಮೆಯಾದರೆ ಚರ್ಮ ಹೊಟ್ಟೇಳುತ್ತದೆ. ನಮ್ಮ ಕುಸುಬಿ ಎಣ್ಣೆಯಲ್ಲಿ ಅದು ಹೇರಳ. 10 ಕಿಲೋ ತೂಕದ ನಾಯಿಗೆ ದಿನಕ್ಕೆ ಒಂದು ಚಹಾ ಚಮಚ, ಊಟದಲ್ಲಿ ಕಲಸಿ. ಅರ್ಧದಿಂದ ಶುರು ಮಾಡಿ, ಭೇದಿಯಾದರೆ ಇಳಿಸಿ. ಮೈಗೆ ಹಚ್ಚಿದ ಕೊಬ್ಬರಿ ಎಣ್ಣೆಯಲ್ಲಿ ಈ ಆಮ್ಲ ಅತ್ಯಲ್ಪ, ಅದೂ ನೆಕ್ಕಿಯೇ ಖಾಲಿಯಾಗುತ್ತದೆ. ಮೇದೋಜೀರಕದ ತೊಂದರೆ ಇದ್ದ ನಾಯಿಗೆ ಎಣ್ಣೆ ಬೇಡ.

ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಮೂರು ವಾರ ಬೇಕು. ಊಟದ ಗುಣ ಕಾಣಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಬೇಸತ್ತು ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಹಚ್ಚುವುದುಂಟು. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ. ಈಗಾಗಲೇ ಹಚ್ಚಿದ್ದರೆ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆದು, ನೆಕ್ಕದಂತೆ ನೋಡಿಕೊಂಡು, ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ.