ಮೊದಲ ಸರ್ವರ್ ಭಾಷೆ: ಹಾಲಿನ ಲೆಕ್ಕದಿಂದ ಶುರು

ಬೆಂಗಳೂರಿನಲ್ಲಿ ಕೆಲಸ ಹುಡುಕುವವರಿಗೆ ಜಾವಾ, ನೋಡ್ (ಸರ್ವರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್), ಪೈಥಾನ್ ಬೇಕೇ ಬೇಕು, ಒಪ್ಪಿದೆ. ಆದರೂ ಹೊಸಬರಿಗೆ ಸರ್ವರ್ (ವೆಬ್ ಪುಟ ತಯಾರಿಸಿ ಬ್ರೌಸರಿಗೆ ಕಳಿಸುವ ಕಂಪ್ಯೂಟರ್) ಕಡೆಯ ಕೋಡಿಂಗ್ ಹೇಳಿಕೊಡುವಾಗ ನಾನು ಶುರು ಮಾಡುವುದು ಪಿಎಚ್‌ಪಿಯಿಂದ. ಎಸ್‌.ಪಿ. ರೋಡಿನಲ್ಲಿ ಕೊಂಡ 4 ಜಿಬಿ ರ್‍ಯಾಮಿನ ಹಳೇ ಲ್ಯಾಪ್‌ಟಾಪಿನಲ್ಲಿ ಜಾವಾದ ಭಾರೀ ಎಡಿಟರ್, ಬ್ರೌಸರ್ ಎರಡೂ ತೆರೆದರೆ ಮಷಿನ್ ಏದುಸಿರು ಬಿಡುತ್ತದೆ. ನೋಡ್ ಆದರೆ ಮೊದಲ ವಾರವೇ ಅಸಿಂಕ್, ಅವೈಟ್ (ಒಂದು ಕೆಲಸ ಮುಗಿಯುವತನಕ ಕಾಯುವ ಬಗೆ) ಅಂತ ವಿವರಿಸುತ್ತ ಕೂರಬೇಕು. ಪೈಥಾನ್ ಓದಲು ಸುಲಭ, ಆದರೆ ವೆಬ್ಬಿಗೆ ಇಳಿದರೆ ಫ್ಲಾಸ್ಕೋ ಜಾಂಗೋವೋ ಎಂಬ ಸಿದ್ಧ ಚೌಕಟ್ಟು ಬೇಕು, ಅದರ ಪ್ಯಾಕೇಜುಗಳನ್ನು ಬೇರೆಯಾಗಿಡಲು ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಬೇಕು. 1995ರಲ್ಲಿ ಬಂದ ಪಿಎಚ್‌ಪಿ ಹುಟ್ಟಿದ್ದೇ ವೆಬ್ ಪುಟಕ್ಕಾಗಿ. ಫೈಲ್ ಸೇವ್ ಮಾಡಿ ರಿಫ್ರೆಶ್ ಒತ್ತಿದರೆ ಮುಗಿಯಿತು.

ಉಬುಂಟು ಲಿನಕ್ಸ್ 24.04ರಲ್ಲಿ ಸಿಗುವುದು ಪಿಎಚ್‌ಪಿ 8.3. ಅದರ ಇನ್‌ಸ್ಟಾಲ್ ಕಮಾಂಡ್ ಆದ ಆಪ್ಟ್‌ನಿಂದ ಪಿಎಚ್‌ಪಿಯ ಮೂರು ಪ್ಯಾಕೇಜ್ ಸಾಕು: ಟರ್ಮಿನಲ್‌ನಲ್ಲಿ ಓಡಿಸಲು ಸಿಎಲ್‌ಐ, ಕನ್ನಡದಂಥ ಅಕ್ಷರಗಳಿಗೆ ಎಂಬಿಸ್ಟ್ರಿಂಗ್, ಒಂದೇ ಫೈಲಿನ ಡೇಟಾಬೇಸಿಗೆ ಎಸ್‌ಕ್ಯೂಲೈಟ್3. ಅಪಾಚೆಯಂಥ ದೊಡ್ಡ ವೆಬ್ ಸರ್ವರ್, ಮೈಎಸ್‌ಕ್ಯೂಎಲ್‌ನಂಥ ದೊಡ್ಡ ಡೇಟಾಬೇಸ್ ಈಗಲೇ ಬೇಡ, 5.4ನೇ ಆವೃತ್ತಿಯಿಂದ ಪಿಎಚ್‌ಪಿಯೊಳಗೇ ಪುಟ್ಟ ಸರ್ವರ್ ಇದೆ. ಪ್ರಾಜೆಕ್ಟಿನಲ್ಲಿ ಪಬ್ಲಿಕ್, ಡೇಟಾ ಅಂತ ಎರಡು ಫೋಲ್ಡರ್ ಮಾಡಿ, ಟರ್ಮಿನಲ್‌ನಲ್ಲಿ ಪಿಎಚ್‌ಪಿ, ಹೈಫನ್ ಕ್ಯಾಪಿಟಲ್ ಎಸ್, ಲೋಕಲ್‌ಹೋಸ್ಟ್:8000, ಹೈಫನ್ ಸ್ಮಾಲ್ ಟಿ, ಪಬ್ಲಿಕ್ ಎಂದು ಕೊಡಿ. ಎಸ್ ಸಣ್ಣದಾದರೆ ಸರ್ವರ್ ಏಳುವುದಿಲ್ಲ. ಡೇಟಾಬೇಸ್ ಫೈಲ್ ಡೇಟಾ ಫೋಲ್ಡರಿನಲ್ಲೇ ಇರಲಿ. ಪಬ್ಲಿಕ್ ಒಳಗಿಟ್ಟರೆ ವಿಳಾಸ ಊಹಿಸಿದವರು ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಂಡಾರು. ಇನ್ನು ಪುಟದ ಬದಲು ಕೋಡೇ ಕಂಡರೆ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:8000 ಎಂದು ಕೊಡುವ ಬದಲು ಬಹುಶಃ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಿದ್ದೀರಿ.

ಅಭ್ಯಾಸಕ್ಕೆ ನಾನು ಕೊಡುವುದು ಹಾಲಿನ ಲೆಕ್ಕ: ಹೆಸರು, ಎಷ್ಟು ಪ್ಯಾಕೆಟ್, ಯಾವಾಗ. ಇಷ್ಟು ಚಿಕ್ಕ ಪುಟದಲ್ಲೇ ಮೂರು ಕಡೆ ಎಡವುತ್ತಾರೆ, ಮೂರರಲ್ಲೂ ಪಿಎಚ್‌ಪಿಯ ತಪ್ಪಿಲ್ಲ.

ಮೊದಲನೆಯದು ಸಮಯ. ಪಿಎಚ್‌ಪಿಗೆ ನೀವೇನೂ ಹೇಳದಿದ್ದರೆ ಅದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಹಿಡಿಯುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 5ಕ್ಕೆ ಬರೆದ ಹಾಲು ಹಿಂದಿನ ರಾತ್ರಿ 11:30ಕ್ಕೆ ಬೀಳುತ್ತದೆ. 1ನೇ ತಾರೀಖಿನ ಹಾಲು ಹೋದ ತಿಂಗಳ ಬಿಲ್ಲಿಗೆ! ಪಿಎಚ್‌ಪಿ ಡಾಟ್ ಐಎನ್‌ಐ ಎಂಬ ಸೆಟ್ಟಿಂಗ್ಸ್ ಫೈಲಿನಲ್ಲಿ ಡೇಟ್ ಡಾಟ್ ಟೈಮ್‌ಝೋನ್ ಎದುರು ಏಷ್ಯಾ/ಕೋಲ್ಕತ್ತಾ ಹಾಕಿ ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿ. ಆ ಫೈಲ್ ಎಲ್ಲಿದೆ ಅಂತ ಪಿಎಚ್‌ಪಿ, ಹೈಫನ್ ಹೈಫನ್ ಐಎನ್‌ಐ ಎಂದರೆ ತೋರಿಸುತ್ತದೆ. ಅಲ್ಲೇ ಡಿಸ್‌ಪ್ಲೇ ಎರರ್ಸ್ ಕೂಡ ಆನ್ ಮಾಡಿ, ಇಲ್ಲವಾದರೆ ಬಿಳೀ ಪುಟ ನೋಡುತ್ತ ತಲೆ ಕೆರೆದುಕೊಳ್ಳುತ್ತೀರಿ.

ಎರಡನೆಯದು ಕನ್ನಡವೇ. ‘ಲಕ್ಷ್ಮಮ್ಮ’ ಕಣ್ಣಿಗೆ ಮೂರಕ್ಷರ. ಯುನಿಕೋಡ್ ಲೆಕ್ಕದಲ್ಲಿ ಒಂಬತ್ತು, ಏಕೆಂದರೆ ಒತ್ತಕ್ಷರವೆಂದರೆ ವ್ಯಂಜನ, ಹಲಂತ, ಮತ್ತೊಂದು ವ್ಯಂಜನ. ಯುನಿಕೋಡನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 27. ಉದ್ದ ಅಳೆಯುವ ಸ್ಟ್ರ್‌ಲೆನ್ ಫಂಕ್ಷನ್ ಹೇಳುವುದು 27. ಸಬ್‌ಸ್ಟ್ರ್‌ನಿಂದ 10 ಬೈಟಿಗೆ ಕತ್ತರಿಸಿದರೆ ಷಕಾರದ ಒಂದೇ ಬೈಟ್ ಉಳಿದು, ‘ಲಕ್’ ಪಕ್ಕ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಚೌಕ ಬರುತ್ತದೆ. ಹೆಸರಿನ ಮುಂದೆ ಎಂಬಿ ಇರುವ ಫಂಕ್ಷನ್‌ಗಳನ್ನೇ ಬಳಸಿ. ಅವೂ ಒತ್ತಕ್ಷರವನ್ನು ನಡುವೆ ಕತ್ತರಿಸಬಲ್ಲವು, ಆದರೆ ಬೈಟ್ ಒಡೆಯುವುದಿಲ್ಲ.

ಮೂರನೆಯದು ಡಿ'ಸೋಜಾ. ಹೆಸರನ್ನು ನೇರವಾಗಿ ಕ್ವೆರಿಗೆ (ಡೇಟಾಬೇಸಿಗೆ ಕೊಡುವ ಆಜ್ಞೆಗೆ) ಅಂಟಿಸಿದರೆ ಆ ಒಂಟಿ ಉದ್ಧರಣ ಚಿಹ್ನೆಯಲ್ಲೇ ಕ್ವೆರಿ ಮುರಿಯುತ್ತದೆ. ಕಿಡಿಗೇಡಿಗಳು ಒಳನುಗ್ಗುವುದೂ ಇದೇ ಬಾಗಿಲಿಂದ. ಆಜ್ಞೆಯನ್ನೂ ಹೆಸರನ್ನೂ ಬೇರೆಬೇರೆಯಾಗಿ ಕೊಡುವ ಪಿಡಿಒದ (ಪಿಎಚ್‌ಪಿಯ ಡೇಟಾಬೇಸ್ ಸಾಧನ) ಪ್ರಿಪೇರ್, ಎಕ್ಸಿಕ್ಯೂಟ್ ಮೊದಲ ದಿನದಿಂದಲೇ ರೂಢಿಯಾಗಲಿ.

ಆಮೇಲೆ ಅಪಾಚೆಗೆ ಹೋದಾಗ ಪುಟ ತೆರೆದರೂ ಲೆಕ್ಕ ಸೇವ್ ಆಗುವುದಿಲ್ಲ. ಇಲ್ಲಿಯತನಕ ಸರ್ವರ್ ನಿಮ್ಮ ಹೆಸರಿನಲ್ಲಿ ಓಡುತ್ತಿತ್ತು, ಉಬುಂಟುವಿನ ಅಪಾಚೆ ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಯೂಸರ್ ಹೆಸರಿನಲ್ಲಿ. ಡೇಟಾಬೇಸ್ ಫೈಲಿಗೆ ಮಾತ್ರ ಬರೆಯುವ ಅನುಮತಿ ಕೊಟ್ಟರೆ ಸಾಲದು. ಎಸ್‌ಕ್ಯೂಲೈಟ್ ತನ್ನ ಜರ್ನಲ್ ಫೈಲನ್ನು (ಬರೆಯುವಾಗಿನ ತಾತ್ಕಾಲಿಕ ದಾಖಲೆ) ಪಕ್ಕದಲ್ಲೇ ಸೃಷ್ಟಿಸುವುದರಿಂದ ಡೇಟಾ ಫೋಲ್ಡರಿಗೂ ಕೊಡಬೇಕು. 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟು ಕೈತೊಳೆದುಕೊಳ್ಳಬೇಡಿ, ಚೋನ್ ಕಮಾಂಡಿನಿಂದ ಆ ಫೋಲ್ಡರು, ಅದರೊಳಗಿನ ಫೈಲು ಎರಡರ ಒಡೆತನವನ್ನೂ ಆ ಯೂಸರ್ ಹೆಸರಿಗೆ ಬದಲಿಸಿ. ಟೈಮ್‌ಝೋನ್ ಕೂಡ ಮತ್ತೆ ಹಾಕಬೇಕು. ಅಪಾಚೆ ಓದುವ ಐಎನ್‌ಐ ಫೈಲೇ ಬೇರೆ.