ಹವಳದ ಮರಿಗಳ ಮೇಲೆ ಬಿಸಿ ಮತ್ತು ಆಮ್ಲತೆಯ ಪರಿಣಾಮ ಅಳೆಯುವುದು ಹೇಗೆ?

ಬಿಸಿಯ ಪೆಟ್ಟು ಯಾವುದು, ಆಮ್ಲತೆಯ ಪೆಟ್ಟು ಯಾವುದು ಎಂದು ಬಿಡಿಸಿ ನೋಡಲು ನಾಲ್ಕು ಬಗೆಯ ನೀರು ಬೇಕು: ಸಹಜ, ಬರೀ ಬಿಸಿ, ಬರೀ ಆಮ್ಲೀಯ, ಎರಡೂ ಸೇರಿದ್ದು. ಪ್ರತಿ ಬಗೆಗೂ ಕನಿಷ್ಠ ನಾಲ್ಕೈದು ತೊಟ್ಟಿಗಳಿರಲಿ, ಪ್ರತಿಯೊಂದಕ್ಕೂ ಅದರದೇ ಹೀಟರ್, ಅದರದೇ ಅನಿಲದ ಕೊಳವೆ. ಒಂದೇ ದೊಡ್ಡ ತೊಟ್ಟಿಯಿಂದ ಹತ್ತು ಜಾಡಿಗಳಿಗೆ ನೀರು ಬಿಟ್ಟರೆ ಲೆಕ್ಕಕ್ಕೆ ಸಿಗುವುದು ಒಂದೇ ಮಾದರಿ.

ಪಿಎಚ್ ಇಳಿದಷ್ಟೂ ಆಮ್ಲತೆ ಹೆಚ್ಚು. ಸಹಜ ನೀರಿನ ಪಿಎಚ್ ಸುಮಾರು 8.1, ಆಮ್ಲೀಯ ತೊಟ್ಟಿಯಲ್ಲಿ 7.8 ಹಿಡಿಯಿರಿ. ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸುರಿಯಬೇಡಿ, ಒಟ್ಟು ಕ್ಷಾರತೆಯೇ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಕುಸಿದುಬಿಡುತ್ತದೆ. ಸಮುದ್ರದಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿ ಪಿಎಚ್ ಇಳಿಯುತ್ತಿದೆ, ಕ್ಷಾರತೆ ಹೆಚ್ಚುಕಡಿಮೆ ಹಾಗೇ ಇದೆ. ಹಾಗಾಗಿ ಆ ಅನಿಲವನ್ನೇ ಗುಳ್ಳೆಯಾಗಿ ಹಾಯಿಸಿ. ಪಿಎಚ್ ಮಾಪಕವನ್ನು ಟ್ರಿಸ್ ದ್ರಾವಣದಿಂದ, ಅಂದರೆ ಸಮುದ್ರದ ನೀರಿನಷ್ಟೇ ಉಪ್ಪಿರುವ, ಪಿಎಚ್ ಗೊತ್ತಿರುವ ಬಫರ್ ದ್ರಾವಣದಿಂದ ಸರಿಹೊಂದಿಸಿ. ಸಿಹಿನೀರಿನ ಬಫರ್ ಬಳಸಿದರೆ ಸುಮಾರು 0.1ರಷ್ಟು ವ್ಯತ್ಯಾಸ ಬರುತ್ತದೆ. ನೀವು ಹುಡುಕುತ್ತಿರುವ ಅಂತರವೇ 0.3 ಎಂಬುದು ನೆನಪಿರಲಿ. ಹಗಲು ಪಾಚಿಗಳು ಅನಿಲ ಹೀರುವುದರಿಂದ ಪಿಎಚ್ ಏರಿ ರಾತ್ರಿ ಇಳಿಯುತ್ತದೆ, ಎರಡೂ ಹೊತ್ತು ಅಳೆಯಿರಿ.

ಬಿಸಿ ತೊಟ್ಟಿಯಲ್ಲಿ, ಆ ಹವಳ ಬೆಳೆದ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ 2 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಲಿ. 1 ಡಿಗ್ರಿ ದಾಟಿ ವಾರಗಟ್ಟಲೆ ನಿಂತರೇ ಹವಳ ಬಿಳಿಚಿಕೊಳ್ಳುತ್ತದೆ. ಈಜುವುದು ಬಿಟ್ಟು ಒಂದೆಡೆ ಅಂಟಿ ನೆಲೆಯೂರಿದ ಮರಿಗಳಿದ್ದರೆ ದಿನಕ್ಕೆ ಅರ್ಧ ಡಿಗ್ರಿಯಂತೆ ಏರಿಸಿ.

ಹೊಸಬರಿಗೆ ಪೊಸಿಲೋಪೊರಾ ಅಕ್ಯೂಟಾ ಎಂಬ ಹವಳ ಅನುಕೂಲ: ಅದರ ಲಾರ್ವಾಗಳು (ಇನ್ನೂ ಈಜುವ ಮರಿಗಳು) ತಾಯಿಯಿಂದಲೇ ಸಹಜೀವಿ ಪಾಚಿಯನ್ನು ಹೊತ್ತು ಬರುತ್ತವೆ, ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ನೆಲೆಯೂರಬಲ್ಲವು. ತಾಯಿ ಹವಳದ ತೊಟ್ಟಿಯಿಂದ ಉಕ್ಕುವ ನೀರನ್ನು ರಾತ್ರಿಯಿಡೀ 100ರಿಂದ 150 ಮೈಕ್ರಾನ್ ಜಾಲರಿಯ ಬಟ್ಟಲಿಗೆ ಬಿಡಿ. ಜಾಲರಿ ಸದಾ ಮುಳುಗಿರಬೇಕು, ಇಲ್ಲದಿದ್ದರೆ ಲಾರ್ವಾಗಳು ಜಾಲರಿಗೆ ಒತ್ತಿಕೊಂಡು ಛಿದ್ರವಾಗುತ್ತವೆ.

ಇಡೀ ಪ್ರಯೋಗ ಕೆಡುವುದು ಹೆಚ್ಚಾಗಿ ಲಾರ್ವಾ ನೆಲೆಯೂರಲೆಂದು ಇಡುವ ಹೆಂಚಿನಲ್ಲಿ. ಲಾರ್ವಾ ಬರಿಯ ಹೆಂಚಿಗೆ ಸುಲಭಕ್ಕೆ ಅಂಟುವುದಿಲ್ಲ. ಗುಲಾಬಿ ಬಣ್ಣದ ಕೋರಲೈನ್ ಪಾಚಿ, ಅದರ ಮೇಲಿನ ಬ್ಯಾಕ್ಟೀರಿಯಾ ಪದರ ಅದಕ್ಕೆ ಬೇಕು. ಹೆಂಚುಗಳನ್ನು ಆರೆಂಟು ವಾರ ಹವಳ ಬಂಡೆಯ ಬಳಿ ಇಟ್ಟು ಪಾಚಿ ಹತ್ತಿಸಿ. ಆದರೆ ಆಮ್ಲೀಯ ನೀರು ಆ ಪಾಚಿಯನ್ನೂ ಕುಗ್ಗಿಸುತ್ತದೆ. ನೆಲೆಯೂರಿದವು ಕಡಿಮೆಯಾದರೆ ಸೊರಗಿದ್ದು ಲಾರ್ವಾವೋ ಹೆಂಚೋ? ಅದಕ್ಕೇ ಪಾಚಿ ಹತ್ತಿದ ಮೇಲೆ ಅರ್ಧ ಹೆಂಚುಗಳನ್ನು ಸಹಜ ನೀರಿನಲ್ಲಿ, ಉಳಿದರ್ಧವನ್ನು ಆಮ್ಲೀಯ ನೀರಿನಲ್ಲಿ ಹದಗೊಳಿಸಿ, ಎರಡನ್ನೂ ಎಲ್ಲ ತೊಟ್ಟಿಗಳಿಗೂ ಹಂಚಿ. ಈ ಒಂದು ಹೆಜ್ಜೆ ಬಿಟ್ಟರೆ ಉತ್ತರ ಸಿಗುವುದೇ ಇಲ್ಲ.

ಬಿಸಿ ನೀರಿನಲ್ಲಿ ಲಾರ್ವಾಗಳು ಬೇಗ ಬೆಳೆದು ಬೇಗ ನೆಲೆಯೂರಬಹುದು. ಅದನ್ನು ಒಳ್ಳೆಯ ಸುದ್ದಿ ಎಂದು ಬರೆದುಬಿಡಬೇಡಿ: ಕೊಬ್ಬಿನ ದಾಸ್ತಾನೂ ಅಷ್ಟೇ ಬೇಗ ಕರಗುತ್ತದೆ. ಆದ್ದರಿಂದ 48 ಗಂಟೆಯ ಎಣಿಕೆಗೇ ನಿಲ್ಲದೆ ಕನಿಷ್ಠ ನಾಲ್ಕು ವಾರ ಬದುಕುಳಿದವನ್ನು ಎಣಿಸಿ. ಮಿಲಿಮೀಟರ್ ಗಾತ್ರದ ಮರಿಗಳು ಎಷ್ಟೋ ಜಾತಿಗಳಲ್ಲಿ ನೀಲಿ ಬೆಳಕಿನಡಿ, ಹಳದಿ ಫಿಲ್ಟರ್ ಮೂಲಕ ಹಸಿರಾಗಿ ಹೊಳೆಯುತ್ತವೆ. ಕೊನೆಗೆ ಕೆಲವನ್ನು ತೆಳು ಬ್ಲೀಚ್ ದ್ರಾವಣದಲ್ಲಿ ತೊಳೆದು, ಉಳಿಯುವ ಬರಿಯ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್‌ನ ಒಂದು ರೂಪ) ಅಸ್ಥಿಪಂಜರವನ್ನು ಸೂಕ್ಷ್ಮದರ್ಶಕದಡಿ ಇಡಿ. ಆಮ್ಲತೆಯ ಗುರುತು ಅಲ್ಲಿರುತ್ತದೆ: ಕುಳಿಬಿದ್ದ ಮೇಲ್ಮೈ, ಒಂದು ಕಡೆ ಚಿಕ್ಕದಾದ ಗೋಡೆಗಳು.