ಗ್ರಾಮ ನಕ್ಷೆಯಿಂದ ಜಿಲ್ಲಾ ನಕ್ಷೆ: ಕ್ಯೂಜಿಐಎಸ್‌ನಲ್ಲಿ ಪಾಲಿಗಾನ್‌ಗಳನ್ನು ಒಗ್ಗೂಡಿಸುವುದು ಹೇಗೆ?

ವಿಜಯನಗರ ಜಿಲ್ಲೆ 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಾಜ್ಯದ 31ನೇ ಜಿಲ್ಲೆಯಾಯಿತು. ಹೀಗಾಗಿ 2011ರ ಜನಗಣತಿಯ ನಕ್ಷೆಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ಆ ಗಣತಿಯ ಅಂಕಿ ಅಂಶಗಳನ್ನು ಇಂದಿನ ಜಿಲ್ಲೆಗೆ ಹೊಂದಿಸಿ ನೋಡಬೇಕೆಂದರೆ ಹಳೆಯ ನಕ್ಷೆಯ ಚಿಕ್ಕ ತುಂಡುಗಳನ್ನು ಒಗ್ಗೂಡಿಸಿ ಜಿಲ್ಲೆಯ ಗಡಿಯನ್ನು ನಾವೇ ಕಟ್ಟಿಕೊಳ್ಳಬೇಕು. ನಕ್ಷೆಗಳ ಕೆಲಸಕ್ಕೆಂದು ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ತಂತ್ರಾಂಶದ 'ಡಿಸಾಲ್ವ್' ಉಪಕರಣ ಇರುವುದು ಇದಕ್ಕಾಗಿಯೇ. ನಕ್ಷೆಯ ಮಾಹಿತಿ ಟೇಬಲ್‌ನ ಒಂದು ಕಾಲಂನಲ್ಲಿ ಒಂದೇ ಮೌಲ್ಯ ಇರುವ ಪಾಲಿಗಾನ್‌ಗಳ (ಗಡಿಗೆರೆಯಿಂದ ಸುತ್ತುವರಿದ ಆಕೃತಿಗಳ) ನಡುವಿನ ಗೆರೆಗಳನ್ನು ಅಳಿಸಿ, ಅವನ್ನೆಲ್ಲ ಒಂದೇ ಆಕೃತಿಯಾಗಿಸುವುದು ಅದರ ಕೆಲಸ.

ಮೊದಲು ತೀರ್ಮಾನಿಸಬೇಕಾದದ್ದು ಯಾವ ಹಂತದ ನಕ್ಷೆಯಿಂದ ಆರಂಭಿಸಬೇಕು ಎಂಬುದನ್ನು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ಹಳೆಯ ತಾಲ್ಲೂಕುಗಳನ್ನು ಕೂಡಿಸಿದರೆ ಸಾಕೆಂದು ಮೇಲ್ನೋಟಕ್ಕೆ ತೋರುತ್ತದೆ. ಹರಪನಹಳ್ಳಿ 2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿತ್ತು ಎಂಬುದು ಇಲ್ಲಿ ಅಡ್ಡಿಯಾಗದು. ಕೂಡ್ಲಿಗಿಯಿಂದ ಒಡೆದು ಬಂದ ಕೊಟ್ಟೂರು ತಾಲ್ಲೂಕೂ ಇದೇ ಜಿಲ್ಲೆಯಲ್ಲಿದೆ. ತೊಡಕಿರುವುದು ಕಂಪ್ಲಿಯಲ್ಲಿ. ಆಗ ಹೊಸಪೇಟೆ ತಾಲ್ಲೂಕಿನ ಭಾಗವಾಗಿದ್ದ ಕಂಪ್ಲಿ ಈಗ ಪ್ರತ್ಯೇಕ ತಾಲ್ಲೂಕಾಗಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿದೆ. ಹಳೆಯ ತಾಲ್ಲೂಕು ನಕ್ಷೆಯನ್ನು ನಂಬಿದರೆ ಕಂಪ್ಲಿಯ ಜನರೆಲ್ಲ ವಿಜಯನಗರದ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಆದ್ದರಿಂದ ಗ್ರಾಮ ಮಟ್ಟದ ನಕ್ಷೆಯಿಂದಲೇ ಹೊರಡಬೇಕು.

ಗ್ರಾಮ ನಕ್ಷೆಯ ಆಟ್ರಿಬ್ಯೂಟ್ ಟೇಬಲ್ (ಪ್ರತಿ ಪಾಲಿಗಾನ್‌ನ ಮಾಹಿತಿ ಇರುವ ಪಟ್ಟಿ) ತೆರೆದು, ಫೀಲ್ಡ್ ಕ್ಯಾಲ್ಕುಲೇಟರ್ ಮೂಲಕ 'ಹೊಸ ಜಿಲ್ಲೆ' ಎಂಬ ಪಠ್ಯ ಕಾಲಂ ಸೇರಿಸಿ, ಪ್ರತಿ ಗ್ರಾಮದ ಎದುರು ಅದರ ಇಂದಿನ ಜಿಲ್ಲೆಯನ್ನು ತುಂಬಿ. ಪ್ರತ್ಯೇಕ ಪಟ್ಟಿಯಿಂದ ಜೋಡಿಸುವುದಾದರೆ ಗ್ರಾಮದ ಹೆಸರಿನ ಬದಲು ಗಣತಿಯ ಗ್ರಾಮ ಸಂಕೇತವನ್ನೇ ಬಳಸುವುದು ಕ್ಷೇಮ, ಏಕೆಂದರೆ ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಸ್ಪ್ರೆಡ್‌ಶೀಟ್‌ನಲ್ಲಿ ತೆರೆದಾಗ ಸಂಕೇತದ ಮುಂದಿನ ಸೊನ್ನೆಗಳು ಉದುರಿಹೋಗದಂತೆ ಅದನ್ನು ಪಠ್ಯವಾಗಿಯೇ ಉಳಿಸಿಕೊಳ್ಳಿ.

ಈ ಕಾಲಂ ಎಷ್ಟು ಶುದ್ಧವಾಗಿದೆಯೋ ಫಲಿತಾಂಶವೂ ಅಷ್ಟೇ ಶುದ್ಧವಾಗಿರುತ್ತದೆ. 2014ರ ನವೆಂಬರ್ 1ರಂದು ಬಳ್ಳಾರಿ, ಹೊಸಪೇಟೆಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದುದರಿಂದ ಹಳೆಯ, ಹೊಸ ಕಡತಗಳನ್ನು ಬೆರೆಸಿದಲ್ಲಿ ಒಂದೇ ಊರು ಎರಡು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಣ್ಣಿಗೆ ಬೀಳದ ಒಂದು ಖಾಲಿ ಜಾಗ ಹೆಸರಿನ ಕೊನೆಯಲ್ಲಿದ್ದರೂ ತಂತ್ರಾಂಶ ಅದನ್ನು ಬೇರೆ ಜಿಲ್ಲೆಯೆಂದೇ ಎಣಿಸುತ್ತದೆ. 'ಟ್ರಿಮ್' ಸೂತ್ರದಿಂದ ಅಂಥ ಜಾಗಗಳನ್ನು ತೆಗೆದು, 'ಲಿಸ್ಟ್ ಯೂನೀಕ್ ವ್ಯಾಲ್ಯೂಸ್' ಮೂಲಕ ಎಷ್ಟು ಬೇರೆ ಬೇರೆ ಮೌಲ್ಯಗಳಿವೆ ಎಂದು ನೋಡಿಕೊಳ್ಳಿ.

ಇನ್ನು ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ 'ಫಿಕ್ಸ್ ಜಾಮೆಟ್ರೀಸ್' ಓಡಿಸಿ, ತನ್ನನ್ನೇ ತಾನು ಕತ್ತರಿಸಿಕೊಳ್ಳುವ ಗಡಿಗೆರೆಗಳನ್ನು ಸರಿಪಡಿಸಿ. ಆಮೇಲೆ ವೆಕ್ಟರ್ ಮೆನುವಿನ 'ಜಿಯೋಪ್ರೊಸೆಸಿಂಗ್ ಟೂಲ್ಸ್' ಅಡಿಯಲ್ಲಿ 'ಡಿಸಾಲ್ವ್' ತೆರೆದು, 'ಡಿಸಾಲ್ವ್ ಫೀಲ್ಡ್ಸ್' ಎಂಬಲ್ಲಿ ಹೊಸ ಕಾಲಂ ಆರಿಸಿ 'ರನ್' ಒತ್ತಿ. ಕಾಲಂ ಆರಿಸದೆ ಓಡಿಸಿದರೆ ಇಡೀ ನಕ್ಷೆ ಒಂದೇ ಮುದ್ದೆಯಾಗುತ್ತದೆ.

ನಕ್ಷೆ ಸಿದ್ಧವಾಯಿತೆಂದು ಇಲ್ಲಿಗೇ ನಿಲ್ಲಿಸಬಾರದು. ಡಿಸಾಲ್ವ್ ಗಡಿಗಳನ್ನು ಕೂಡಿಸುತ್ತದೆಯೇ ಹೊರತು ಅಂಕಿಗಳನ್ನು ಕೂಡಿಸುವುದಿಲ್ಲ. ಗುಂಪಿನ ಮೊದಲ ಗ್ರಾಮದ ಜನಸಂಖ್ಯೆಯೇ ಇಡೀ ಜಿಲ್ಲೆಯ ಜನಸಂಖ್ಯೆಯಾಗಿ ಟೇಬಲ್‌ನಲ್ಲಿ ಕುಳಿತಿರುತ್ತದೆ. ಅದನ್ನು ಗಮನಿಸದೆ ವರದಿ ಬರೆದರೆ ಓದುಗರಿಗೆ ತಪ್ಪು ಮಾಹಿತಿ ಕೊಟ್ಟಂತಾಗುತ್ತದೆ. ಅಂಕಿಗಳೂ ಬೇಕಿದ್ದರೆ 'ಅಗ್ರಿಗೇಟ್' ಉಪಕರಣ ಬಳಸಿ. ಅಲ್ಲಿ ಪ್ರತಿ ಕಾಲಂಗೂ ಮೊತ್ತ, ಸರಾಸರಿ, ಮೊದಲ ಮೌಲ್ಯ ಎಂದು ಬೇರೆ ಬೇರೆ ವಿಧಾನ ನಿಗದಿಪಡಿಸಬಹುದು. ಜನಸಂಖ್ಯೆ, ಅಕ್ಷರಸ್ಥರ ಸಂಖ್ಯೆ, ವಿಸ್ತೀರ್ಣಗಳಿಗೆ ಮೊತ್ತ ಸರಿ. ಸಾಕ್ಷರತೆಯ ಶೇಕಡಾವಾರು ಮತ್ತು ಜನಸಾಂದ್ರತೆಗಳನ್ನು ಮಾತ್ರ ಕೂಡಿಸಲೂ ಬಾರದು, ಸರಾಸರಿ ಮಾಡಲೂ ಬಾರದು. ಜಿಲ್ಲೆಯ ಮೊತ್ತಗಳು ಬಂದ ಮೇಲೆ ಅವುಗಳಿಂದಲೇ ಹೊಸದಾಗಿ ಲೆಕ್ಕ ಹಾಕಬೇಕು.

ಹೊಸ ಪಾಲಿಗಾನ್‌ನ ಒಳಗೆ ಕೂದಲೆಳೆಯಂಥ ಬಿರುಕುಗಳು ಕಂಡರೆ, ಅಕ್ಕಪಕ್ಕದ ಗ್ರಾಮಗಳ ಗಡಿಗಳು ಮೂಲದಲ್ಲೇ ಸರಿಯಾಗಿ ಕೂಡಿರಲಿಲ್ಲ ಎಂದರ್ಥ. 'ಡಿಲೀಟ್ ಹೋಲ್ಸ್' ಉಪಕರಣದಲ್ಲಿ ಒಂದು ಸಣ್ಣ ವಿಸ್ತೀರ್ಣದ ಮಿತಿ ಕೊಟ್ಟು ಅವನ್ನು ಮುಚ್ಚಬಹುದು. ಮಿತಿಯನ್ನು ಅತಿಯಾಗಿ ಹೆಚ್ಚಿಸಬೇಡಿ, ಏಕೆಂದರೆ ಸುತ್ತಲೂ ಒಂದು ಜಿಲ್ಲೆಯಿದ್ದು ನಡುವೆ ಇನ್ನೊಂದು ಜಿಲ್ಲೆಗೆ ಸೇರಿದ ತುಂಡಿದ್ದರೆ ಅದೂ ರಂಧ್ರವೆಂದೇ ಮುಚ್ಚಿಹೋಗುತ್ತದೆ. ಹೊಸಪೇಟೆಯ ಪಕ್ಕದ ತುಂಗಭದ್ರಾ ಹಿನ್ನೀರಿನ ಬಳಿ ವಿಶೇಷ ಎಚ್ಚರ ಬೇಕು. ನೀರಿನ ಪ್ರದೇಶವನ್ನು ಯಾವ ಗ್ರಾಮಕ್ಕೂ ಸೇರಿಸದ ನಕ್ಷೆಯಾದರೆ ಅಲ್ಲಿ ಜಿಲ್ಲೆಯ ಅಂಚು ನಿಜವಾದ ಗಡಿಯಾಗಿರದೆ ಬರೀ ದಡವಾಗಿರುತ್ತದೆ.

ಫಲಿತಾಂಶವನ್ನು ಜಿಯೋಪ್ಯಾಕೇಜ್ ಎಂಬ ಕಡತ ರೂಪದಲ್ಲಿ ಉಳಿಸಿ. ನಕ್ಷೆಗಳ ಇನ್ನೊಂದು ಕಡತ ರೂಪವಾದ ಶೇಪ್‌ಫೈಲ್ ಕಾಲಂ ಹೆಸರುಗಳನ್ನು 10 ಅಕ್ಷರಗಳಿಗೆ ಮೊಟಕುಗೊಳಿಸುತ್ತದೆ. ಕೊನೆಯದಾಗಿ ಗ್ರಾಮ ನಕ್ಷೆಯ ಒಟ್ಟು ಜನಸಂಖ್ಯೆಯನ್ನೂ ಹೊಸ ಜಿಲ್ಲಾ ನಕ್ಷೆಯ ಒಟ್ಟು ಜನಸಂಖ್ಯೆಯನ್ನೂ 'ಸ್ಟ್ಯಾಟಿಸ್ಟಿಕಲ್ ಸಮರಿ' ಫಲಕದಲ್ಲಿ ಹೋಲಿಸಿ ನೋಡಿ. ಒಬ್ಬರಷ್ಟು ವ್ಯತ್ಯಾಸ ಬಂದರೂ ಜಿಲ್ಲೆಯ ಕಾಲಂಗೆ ಮರಳಿ, ಯಾವ ಗ್ರಾಮ ಬಿಟ್ಟುಹೋಯಿತು ಅಥವಾ ಎರಡು ಬಾರಿ ಸೇರಿತು ಎಂದು ಹುಡುಕಬೇಕು.